ತಿಂಗಳಿಗೆ ಐವತ್ತು ಸೆಂಟ್: ಅಮೆರಿಕದ ಶಿಕ್ಷಕರು ಮತ್ತು ಎಲ್ಲರಿಗೂ ಒಂದೇ ವಿಮೆಯ ಹೋರಾಟ

1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯ ಆಡಳಿತ ವಹಿಸಿಕೊಂಡ ಜಸ್ಟಿನ್ ಫೋರ್ಡ್ ಕಿಂಬಲ್ ಬಾಕಿ ಲೆಕ್ಕ ತಿರುವಿ ಹಾಕುತ್ತಿದ್ದಾಗ ಎಷ್ಟೋ ಹೆಸರುಗಳು ಪರಿಚಿತವಾಗಿ ಕಂಡವು. ಅದಕ್ಕೆ ಹಿಂದೆ ಅವರು ಅದೇ ಊರಿನ ಶಾಲೆಗಳ ಸೂಪರಿಂಟೆಂಡೆಂಟ್ ಆಗಿದ್ದವರು. ಬಿಲ್ಲು ಕಟ್ಟಲಾಗದೆ ಬಾಕಿ ಉಳಿಸಿಕೊಂಡವರಲ್ಲಿ ಅವರ ಕೈಕೆಳಗೆ ಪಾಠ ಮಾಡಿದ್ದ ಶಿಕ್ಷಕರೇ ಬಹಳ ಮಂದಿ ಇದ್ದರು. ಕಿಂಬಲ್ ಒಂದು ಉಪಾಯ ಹೂಡಿದರು. ತಿಂಗಳಿಗೆ ಐವತ್ತು ಸೆಂಟ್, ಅಂದರೆ ಅರ್ಧ ಡಾಲರ್ ಕಟ್ಟುತ್ತ ಬಂದರೆ ಕಾಯಿಲೆ ಬಿದ್ದಾಗ 21 ದಿನ ಆಸ್ಪತ್ರೆ ವಾಸಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸಾವಿರಕ್ಕೂ ಹೆಚ್ಚು ಶಿಕ್ಷಕರು ಹೆಸರು ಬರೆಸಿದರು. ಮುಂದೆ 'ಬ್ಲೂ ಕ್ರಾಸ್' ಎಂಬ ಹೆಸರಿನಲ್ಲಿ ದೇಶವೆಲ್ಲ ಹಬ್ಬಿದ ಆರೋಗ್ಯ ವಿಮೆಯ ಬೇರು ಇಲ್ಲಿದೆ.

ಇವತ್ತು ಆ ಶಿಕ್ಷಕರ ಮರಿಮಕ್ಕಳ ವಯಸ್ಸಿನವರು ರಾಜ್ಯ ಶಾಸನಸಭೆಗಳ ಮೆಟ್ಟಿಲ ಮೇಲೆ ನಿಂತು, ಈ ಖಾಸಗಿ ವಿಮೆಯ ಏರ್ಪಾಡನ್ನೇ ತೆಗೆದುಹಾಕಿ, ಎಲ್ಲರಿಗೂ ಸರ್ಕಾರವೇ ಖರ್ಚು ಭರಿಸುವ ಒಂದೇ ವ್ಯವಸ್ಥೆ ತನ್ನಿ ಎಂದು ಕೇಳುತ್ತಿದ್ದಾರೆ. ಅಮೆರಿಕದ ಅತಿ ದೊಡ್ಡ ಶಿಕ್ಷಕರ ಸಂಘಟನೆಯಾದ ನ್ಯಾಷನಲ್ ಎಜುಕೇಷನ್ ಅಸೋಸಿಯೇಷನ್ ತನ್ನ ನೀತಿ ನಿರ್ಣಯದಲ್ಲೇ ಇದನ್ನು ಬರೆದುಕೊಂಡಿದೆ. ಕ್ಯಾಲಿಫೋರ್ನಿಯಾ ಫೆಡರೇಷನ್ ಆಫ್ ಟೀಚರ್ಸ್, ಮ್ಯಾಸಚೂಸೆಟ್ಸ್ ಟೀಚರ್ಸ್ ಅಸೋಸಿಯೇಷನ್ ತಮ್ಮ ತಮ್ಮ ರಾಜ್ಯಗಳಲ್ಲಿ ಇದರ ಪರವಾಗಿ ನಿಂತಿವೆ. ವಿಮೆಯೇ ಇಲ್ಲದ ಕೂಲಿಕಾರರು ಹೀಗೆ ಕೇಳಿದರೆ ಯಾರಿಗೂ ಅಚ್ಚರಿಯಾಗುವುದಿಲ್ಲ. ಆದರೆ ಆ ದೇಶದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಇರುವ ವಿಮೆ ಸಾಮಾನ್ಯ ಕಾರ್ಮಿಕನ ವಿಮೆಗಿಂತ ಚೆನ್ನಾಗಿಯೇ ಇದೆ. ಹಾಗಿದ್ದೂ ಏಕೆ ಕೇಳುತ್ತಾರೆ? ಇನ್ನೂ ಕುತೂಹಲದ ಪ್ರಶ್ನೆಯೆಂದರೆ, ಶಿಕ್ಷಕರ ನಾಯಕರಲ್ಲೇ ಕೆಲವರು ಇದಕ್ಕೆ ಅಡ್ಡಗಾಲು ಹಾಕುವುದೇಕೆ?

ಮೊದಲು ಈ 'ಸಿಂಗಲ್ ಪೇಯರ್' ಎಂದರೇನೆಂದು ನೋಡೋಣ. ಏಕಪಾವತಿ ವ್ಯವಸ್ಥೆ ಎನ್ನಬಹುದು. ನಮ್ಮ ಹಳ್ಳಿಯ ಹಾಲಿನ ಡೈರಿಯನ್ನು ನೆನೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಸು ರೈತನದು, ಕೊಟ್ಟಿಗೆಯೂ ರೈತನದು. ಬೆಳಿಗ್ಗೆ ಕ್ಯಾನು ಹೊತ್ತು ಬಂದವರೆಲ್ಲರ ಹಾಲನ್ನು ಕೊಳ್ಳುವುದು ಮಾತ್ರ ಒಂದೇ ಸಂಘ. ಫ್ಯಾಟ್ ನೋಡಿ ಕೊಡುವ ದರವೂ ಒಂದೇ. ಏಕಪಾವತಿಯಲ್ಲಿ ಡಾಕ್ಟರ ಕ್ಲಿನಿಕ್ ಅವರದೇ ಆಗಿರುತ್ತದೆ, ಆಸ್ಪತ್ರೆ ಖಾಸಗಿ ಟ್ರಸ್ಟಿನದಾಗಿರಬಹುದು, ಆದರೆ ಬಿಲ್ಲು ಹೋಗುವುದು ಸರ್ಕಾರದ ಒಂದೇ ನಿಧಿಗೆ. ದರ ನಿಗದಿಯಾಗಿರುತ್ತದೆ. ಆ ನಿಧಿಗೆ ಹಣ ಬರುವುದು ತೆರಿಗೆಯಿಂದ. ಕೆನಡಾದಲ್ಲಿ ಇದು ಸಸ್ಕ್ಯಾಚುವಾನ್ ಪ್ರಾಂತದಲ್ಲಿ 1962ರ ಜುಲೈ 1ರಂದು ಆರಂಭವಾಯಿತು. ಡಾಕ್ಟರುಗಳು 23 ದಿನ ಮುಷ್ಕರ ಹೂಡಿದರು, ಆದರೂ ನಿಂತಿತು. ತೈವಾನ್ 1995ರಲ್ಲಿ ಜಾರಿಗೆ ತಂದಿತು. ಬ್ರಿಟನ್ನಿನದು ಬೇರೆ ಬಗೆ, ಅಲ್ಲಿ ಆಸ್ಪತ್ರೆಗಳೂ ಬಹುಪಾಲು ಸರ್ಕಾರದವೇ. ಡೈರಿಯ ಮಾತಿನಲ್ಲಿ ಹೇಳುವುದಾದರೆ ಹಸುವೂ ಸಂಘದ್ದೇ.

ಅಮೆರಿಕದಲ್ಲಿ ಕೊಳ್ಳುವವರು ನೂರಾರು. ಒಂದೊಂದು ವಿಮಾ ಕಂಪನಿಯೂ ಒಂದೊಂದು ಆಸ್ಪತ್ರೆಯೊಡನೆ ಬೇರೆ ಬೇರೆ ದರಕ್ಕೆ ಕೈಕುಲುಕುತ್ತದೆ. ಒಂದೇ ಊರಿನ ಒಂದೇ ಆಸ್ಪತ್ರೆಯಲ್ಲಿ, ಒಂದೇ ಸ್ಕ್ಯಾನಿಗೆ, ಅಕ್ಕಪಕ್ಕದ ಹಾಸಿಗೆಯವರಿಗೆ ಬೇರೆ ಬೇರೆ ಬೆಲೆ. 2023ರಲ್ಲಿ ಆ ದೇಶ ಆರೋಗ್ಯಕ್ಕೆ ಸುರಿದದ್ದು 4.9 ಲಕ್ಷ ಕೋಟಿ ಡಾಲರ್, ತಲೆಗೆ ಸುಮಾರು 14,570 ಡಾಲರ್. ಒಟ್ಟು ಆಂತರಿಕ ಉತ್ಪನ್ನದ ಶೇ 17.6. ಇಷ್ಟಾದ ಮೇಲೂ ಆ ವರ್ಷ ಸುಮಾರು 2.6 ಕೋಟಿ ಜನರಿಗೆ ವಿಮೆಯೇ ಇರಲಿಲ್ಲ.

ವಿಮೆ ನೌಕರಿಯ ಬಾಲಕ್ಕೆ ಕಟ್ಟಿಕೊಂಡದ್ದು ಯಾರೂ ಕೂತು ಯೋಚಿಸಿ ಮಾಡಿದ ಏರ್ಪಾಡಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬೆಲೆಯೇರಿಕೆ ತಡೆಯಲೆಂದು ಸರ್ಕಾರ ಸಂಬಳಕ್ಕೆ ಕಡಿವಾಣ ಹಾಕಿತು. ಸಂಬಳ ಹೆಚ್ಚಿಸುವಂತಿಲ್ಲ, ಕೆಲಸಗಾರರೂ ಸಿಗುತ್ತಿಲ್ಲ. ಮಾಲೀಕರು ವಿಮೆಯ ಆಸೆ ತೋರಿಸಿ ಜನರನ್ನು ಸೆಳೆದರು. 1954ರ ತೆರಿಗೆ ಕಾನೂನು, ಮಾಲೀಕ ಕಟ್ಟುವ ವಿಮೆಯ ಕಂತಿಗೆ ನೌಕರ ತೆರಿಗೆ ಕೊಡಬೇಕಿಲ್ಲ ಎಂದು ಖಚಿತಪಡಿಸಿತು. ಅಷ್ಟರಲ್ಲಿ ಎಲ್ಲರಿಗೂ ರಾಷ್ಟ್ರೀಯ ವಿಮೆ ತರಬೇಕೆಂದು 1945ರಲ್ಲಿ ಅಧ್ಯಕ್ಷ ಟ್ರೂಮನ್ ಸಂಸತ್ತಿಗೆ ಕಳಿಸಿದ ಸಂದೇಶ ಮೂಲೆ ಸೇರಿತ್ತು. ವೈದ್ಯರ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದು 'ಸಮಾಜವಾದಿ ವೈದ್ಯಕೀಯ' ಎಂದು ಪ್ರಚಾರ ಮಾಡಿ ಅದನ್ನು ಮುಳುಗಿಸಿತು. ರಾಷ್ಟ್ರೀಯ ವಿಮೆ ಕೈಗೆಟುಕದಿದ್ದಾಗ ಕಾರ್ಮಿಕ ಸಂಘಗಳು ಮಾಡಿದ್ದು ಸಹಜವೇ: ತಮ್ಮ ತಮ್ಮ ಮಾಲೀಕರ ಮುಂದೆ ಕೂತು, ತಮ್ಮ ಸದಸ್ಯರಿಗಷ್ಟು ಒಳ್ಳೆಯ ವಿಮೆ ಕಿತ್ತುಕೊಂಡವು. ವೃದ್ಧರಿಗೆ ಮಾತ್ರ 1965ರಲ್ಲಿ ಮೆಡಿಕೇರ್ ಬಂತು. 65 ತುಂಬಿದ ಬಹುಮಟ್ಟಿಗೆ ಎಲ್ಲರಿಗೂ ಸಿಗುವ ಇದು, ವಿಪರ್ಯಾಸವೆಂದರೆ, ಅಮೆರಿಕನ್ನರೇ ಕಟ್ಟಿದ ಒಂದು ಏಕಪಾವತಿ ವ್ಯವಸ್ಥೆ. ಮೊದಲ ಕಾರ್ಡನ್ನು ಮುದುಕರಾಗಿದ್ದ ಟ್ರೂಮನ್ ಅವರ ಕೈಗೇ ಕೊಟ್ಟರು. ಈಗಿನ ಚಳವಳಿಗೆ 'ಎಲ್ಲರಿಗೂ ಮೆಡಿಕೇರ್' ಎಂಬ ಹೆಸರು ಬಂದದ್ದು ಇಲ್ಲಿಂದ.

ಈಗ ಶಿಕ್ಷಕರ ಸಂಬಳದ ಚೀಟಿಗೆ ಬರೋಣ. ಅಮೆರಿಕದ ಶಾಲಾ ಜಿಲ್ಲೆಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಸಂಘ ಮತ್ತು ಆಡಳಿತ ಎದುರುಬದುರು ಕೂತು ಒಪ್ಪಂದ ಕುದುರಿಸುತ್ತವೆ. ಹೊರಗಿನವರಿಗೆ ಕಾಣುವುದು ಶೇಕಡಾವಾರು ಸಂಬಳ ಹೆಚ್ಚಳ. ಒಳಗೆ ಹೆಚ್ಚು ಹೊತ್ತು ನಡೆಯುವುದು ವಿಮೆಯ ಕಾಲಂಗಳ ಮೇಲಿನ ಕಿತ್ತಾಟ. ಪ್ರೀಮಿಯಂನಲ್ಲಿ ಶಿಕ್ಷಕರ ಪಾಲು ಎಷ್ಟು? ಡಿಡಕ್ಟಿಬಲ್, ಅಂದರೆ ವಿಮೆ ಕೈ ಹಾಕುವ ಮೊದಲು ರೋಗಿ ತನ್ನ ಜೇಬಿನಿಂದ ಖರ್ಚು ಮಾಡಬೇಕಾದ ಮೊತ್ತ, ಎಷ್ಟಕ್ಕೆ ಏರಿತು? ಪ್ರತಿ ಸಲ ಡಾಕ್ಟರ ಬಳಿ ಹೋದಾಗ ತೆರಬೇಕಾದ ಕೋ-ಪೇ? ಯಾವ ಆಸ್ಪತ್ರೆ ಪಟ್ಟಿಯೊಳಗಿದೆ, ಯಾವುದು ಪಟ್ಟಿಯಿಂದ ಬಿದ್ದುಹೋಯಿತು?

ಒಂದು ಲೆಕ್ಕ ಹಾಕಿ ನೋಡಬಹುದು. ವರ್ಷಕ್ಕೆ 60,000 ಡಾಲರ್ ದುಡಿಯುವ ಶಿಕ್ಷಕಿಗೆ ಶೇ 3ರ ಹೆಚ್ಚಳ ಸಿಕ್ಕಿತೆನ್ನಿ. 1,800 ಡಾಲರ್ ಆಯಿತು. ಅದೇ ಒಪ್ಪಂದದಲ್ಲಿ ಕುಟುಂಬದ ವಿಮೆಗೆ ಆಕೆ ಕೊಡುವ ಪಾಲು ತಿಂಗಳಿಗೆ 100 ಡಾಲರ್ ಏರಿದರೆ 1,200 ಅಲ್ಲೇ ಕರಗಿತು. ಉಳಿದ 600ಕ್ಕೆ ತೆರಿಗೆ, ಬೆಲೆಯೇರಿಕೆ ಕಾದು ಕೂತಿವೆ. ಇದು ನಾನು ಹೆಣೆದ ಉದಾಹರಣೆ, ಆದರೆ ಅದರ ಹಿಂದಿನ ದೇಶದ ಲೆಕ್ಕ ಗಟ್ಟಿಯಾಗಿದೆ. 2024ರಲ್ಲಿ ನೌಕರಿಯ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 25,572 ಡಾಲರ್ ಮುಟ್ಟಿತ್ತು. ಅದರಲ್ಲಿ ನೌಕರರ ಪಾಲು 6,296. ಮಿಕ್ಕದ್ದು ಮಾಲೀಕ ಕೊಡುತ್ತಾನೆ ಎನ್ನುವುದು ಮೇಲ್ನೋಟದ ಮಾತು. ಶಾಲಾ ಜಿಲ್ಲೆಯ ಮಟ್ಟಿಗೆ ಆ ಹಣ ಬರುವುದು ಶಾಲೆಯ ಬಜೆಟ್ಟಿನಿಂದಲೇ. ಅಂದರೆ ಸಂಬಳವಾಗಬಹುದಾಗಿದ್ದ, ಇನ್ನೊಬ್ಬ ಶಿಕ್ಷಕರ ಹುದ್ದೆಯಾಗಬಹುದಾಗಿದ್ದ ಹಣ.

ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ವರ್ಷ ವರ್ಷವೂ ಒಂದು ಹೋಲಿಕೆ ಪ್ರಕಟಿಸುತ್ತದೆ: ಅಷ್ಟೇ ಓದಿದ ಬೇರೆ ಉದ್ಯೋಗಿಗಳಿಗಿಂತ ಶಿಕ್ಷಕರ ವಾರದ ಸಂಬಳ ಎಷ್ಟು ಕಡಿಮೆ? 1996ರಲ್ಲಿ ಶೇ 6.1 ಇದ್ದ ಅಂತರ 2023ರಲ್ಲಿ ಶೇ 26.6ಕ್ಕೆ ಏರಿತ್ತು. ವಿಮೆ, ಪಿಂಚಣಿಗಳನ್ನು ಕೂಡಿಸಿಕೊಂಡರೆ ಅಂತರ ಶೇ 16.7ಕ್ಕೆ ಇಳಿಯುತ್ತದೆ. ಅಂದರೆ ಸೌಲಭ್ಯಗಳು ಗಾಯಕ್ಕೆ ಒಂದಿಷ್ಟು ಮುಲಾಮು ಹಚ್ಚುತ್ತವೆ, ಗಾಯ ಮಾತ್ರ ದೊಡ್ಡದಾಗುತ್ತಲೇ ಇದೆ. ಬಿಟ್ಟುಕೊಟ್ಟ ಸಂಬಳಕ್ಕೆ ಬದಲಾಗಿ ವಿಮೆ ಪಡೆದೆವು ಎಂದು ಸಮಾಧಾನ ಮಾಡಿಕೊಂಡವರಿಗೆ ಆ ವಿಮೆಯನ್ನು ಉಳಿಸಿಕೊಳ್ಳಲು ಪ್ರತಿ ಸಲ ಇನ್ನಷ್ಟು ಸಂಬಳ ಬಿಟ್ಟುಕೊಡಬೇಕಾಗಿದೆ.

ಇದು ಬೀದಿಗೆ ಬಂದದ್ದು 2018ರ ಫೆಬ್ರುವರಿಯಲ್ಲಿ, ಕಲ್ಲಿದ್ದಲಿನ ನಾಡಾದ ವೆಸ್ಟ್ ವರ್ಜೀನಿಯಾದಲ್ಲಿ. ಶಿಕ್ಷಕರ ಸಂಬಳದಲ್ಲಿ ದೇಶದಲ್ಲೇ ಹೆಚ್ಚುಕಡಿಮೆ ತಳದಲ್ಲಿದ್ದ ರಾಜ್ಯ. ಸರ್ಕಾರಿ ನೌಕರರ ವಿಮಾ ಸಂಸ್ಥೆ ಪೀಯಾ ಪ್ರೀಮಿಯಂ ಏರಿಸಲು ಹೊರಟಿತ್ತು. ಅದರ ಜೊತೆಗೆ ಬಂದ ಒಂದು ಮೊಬೈಲ್ ಆ್ಯಪ್ ಬೆಂಕಿಗೆ ತುಪ್ಪ ಸುರಿಯಿತು. 'ಗೋ365' ಎಂಬ ಆ ಆ್ಯಪ್‌ನಲ್ಲಿ ದಿನಕ್ಕೆ ಎಷ್ಟು ಹೆಜ್ಜೆ ನಡೆದಿರಿ ಎಂಬುದನ್ನೆಲ್ಲ ದಾಖಲಿಸಿ ಅಂಕ ಗಳಿಸಬೇಕು. ಗಳಿಸದವರಿಗೆ ತಿಂಗಳಿಗೆ 25 ಡಾಲರ್ ದಂಡ. ಮಕ್ಕಳಿಗೆ ಅಂಕ ಹಾಕುವವರಿಗೇ ಅಂಕ ಹಾಕಲು ಹೊರಟಿದ್ದರು! ಶಿಕ್ಷಕರ ಮುಷ್ಕರ ಅಲ್ಲಿ ಕಾನೂನುಬಾಹಿರ. ಆದರೂ ಫೆಬ್ರುವರಿ 22ರಂದು ರಾಜ್ಯದ ಎಲ್ಲ 55 ಕೌಂಟಿಗಳ ಶಾಲೆಗಳು ಮುಚ್ಚಿದವು. ಸುಮಾರು 20,000 ಶಿಕ್ಷಕರು ಹೊರಗೆ ಬಂದರು. ಶಾಲೆಯ ಊಟವನ್ನೇ ನಂಬಿಕೊಂಡ ಮಕ್ಕಳು ಉಪವಾಸ ಬೀಳಬಾರದೆಂದು ಮುಷ್ಕರ ನಿರತ ಶಿಕ್ಷಕರೇ ಊಟದ ಪೊಟ್ಟಣ ಕಟ್ಟಿ ಹಂಚಿದರು.

ಈ ಕಥೆಯ ತಿರುವು ಐದು ದಿನಗಳ ಬಳಿಕ ಬಂತು. ಗವರ್ನರ್ ಜಿಮ್ ಜಸ್ಟಿಸ್ ಶೇ 5ರ ಹೆಚ್ಚಳಕ್ಕೆ ಒಪ್ಪಿದರು, ಸಂಘದ ನಾಯಕರು ಮುಷ್ಕರ ಮುಗಿಯಿತೆಂದು ಸಾರಿದರು. ಶಿಕ್ಷಕರು ಒಪ್ಪಲಿಲ್ಲ. ಸಂಬಳವೇನೋ ಬಂತು, ವಿಮೆಯ ಕಥೆ ಏನಾಯಿತು ಎಂದು ಕೇಳಿ, ನಾಯಕರ ಮಾತು ಮೀರಿ ಬೀದಿಯಲ್ಲೇ ಉಳಿದರು. ಶೇ 5ರ ಹೆಚ್ಚಳ ಕಾನೂನಾದ ಮೇಲೆ, ಮಾರ್ಚ್ 7ಕ್ಕೆ ಶಾಲೆಗಳು ತೆರೆದವು. ಆ್ಯಪ್ ಹೋಯಿತು, ಪ್ರೀಮಿಯಂ ಏರಿಕೆ ತಾತ್ಕಾಲಿಕವಾಗಿ ನಿಂತಿತು, ಪೀಯಾ ಸಮಸ್ಯೆ ಬಗೆಹರಿಸಲು ಒಂದು ಕಾರ್ಯಪಡೆ ರಚನೆಯಾಯಿತು. ಕಾರ್ಯಪಡೆ ಎಂದರೆ ಏನೆಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ನೈಸರ್ಗಿಕ ಅನಿಲ ತೆಗೆಯುವ ಕಂಪನಿಗಳ ಮೇಲೆ ತೆರಿಗೆ ಹಾಕಿ ವಿಮೆಗೆ ಶಾಶ್ವತ ಹಣ ಒದಗಿಸಿ ಎಂಬ ಶಿಕ್ಷಕರ ಬೇಡಿಕೆ ಅಲ್ಲಿಗೇ ನಿಂತಿತು. 2023ರಲ್ಲಿ ಹೊಸ ಕಾನೂನೊಂದು ಬಂದು ಪ್ರೀಮಿಯಂ ಏರಿತು. ಬೇರೆಡೆ ವಿಮೆ ಸಿಗುವ ಗಂಡ ಅಥವಾ ಹೆಂಡತಿಯನ್ನು ಸೇರಿಸಿಕೊಂಡರೆ ಹೆಚ್ಚುವರಿ ಶುಲ್ಕವೂ ಬಂತು. ಅಷ್ಟು ದೊಡ್ಡ ಮುಷ್ಕರದ ಫಲ ಐದು ವರ್ಷ ಬಾಳಿತು.

ವಿಸ್ಕಾನ್ಸಿನ್ ಶಿಕ್ಷಕರಿಗೆ ಇದೇ ಪಾಠ ಇನ್ನೂ ಮೊದಲೇ ಆಗಿತ್ತು. 2011ರಲ್ಲಿ ಗವರ್ನರ್ ಸ್ಕಾಟ್ ವಾಕರ್ ತಂದ 'ಆ್ಯಕ್ಟ್ 10' ಸರ್ಕಾರಿ ನೌಕರರ ಸಾಮೂಹಿಕ ಚೌಕಾಸಿಯ ಹಕ್ಕನ್ನೇ ಮೊಟಕುಗೊಳಿಸಿತು. ಸಾವಿರಾರು ಜನ ಮ್ಯಾಡಿಸನ್ನಿನ ಶಾಸನಸಭೆಯ ಕಟ್ಟಡದೊಳಗೇ ವಾರಗಟ್ಟಲೆ ಠಿಕಾಣಿ ಹೂಡಿದರು. ಮಸೂದೆ ಪಾಸಾಯಿತು. ದಶಕಗಳ ಕಾಲ ಸಂಬಳ ಬಿಟ್ಟುಕೊಟ್ಟು ಗಳಿಸಿದ ವಿಮೆಯ ಷರತ್ತುಗಳು ಒಂದು ಸಹಿಗೆ ಸಡಿಲವಾದವು. ಒಪ್ಪಂದದ ಕಾಗದ ಎಷ್ಟು ತೆಳ್ಳಗಿರುತ್ತದೆ ಎಂಬುದನ್ನು ಅಂದು ಕಂಡವರಿಗೆ, ಆರೋಗ್ಯವನ್ನು ಚೌಕಾಸಿಯ ಮೇಜಿನಿಂದಲೇ ಎತ್ತಿ ಕಾನೂನಿನೊಳಗೆ ಇಡಿ ಎನ್ನುವ ವಾದ ಹಿಡಿಸಿದರೆ ಅದರಲ್ಲಿ ಆದರ್ಶವಾದವೇನೂ ಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಶಿಕ್ಷಕರ ಕಷ್ಟಗಳೆಲ್ಲವನ್ನೂ ಏಕಪಾವತಿಯ ಗೂಟಕ್ಕೆ ಕಟ್ಟುವುದು ಚಳವಳಿಗಾರರ ಒಂದು ಚಟ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಶಿಕ್ಷಕಿಯೊಬ್ಬರ ಸುದ್ದಿ ದೇಶವೆಲ್ಲ ಓಡಾಡಿತು. ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ರಜೆ ಹಾಕಿದ್ದ ಆಕೆಯ ಸಂಬಳದಿಂದ, ಆಕೆಯ ತರಗತಿಗೆ ಬಂದ ಬದಲಿ ಶಿಕ್ಷಕರ ಕೂಲಿಯನ್ನು ಕಡಿಯಲಾಗುತ್ತಿತ್ತು. ದಿನಕ್ಕೆ ಸುಮಾರು 200 ಡಾಲರ್. ಇದು ಯಾರದೋ ಅಧಿಕಾರಿಯ ದುಷ್ಟತನವಾಗಿರಲಿಲ್ಲ. 1976ರ ರಾಜ್ಯ ಕಾನೂನೇ ಹಾಗಿತ್ತು. ಕಾಯಿಲೆ ರಜೆ ಮುಗಿದ ಮೇಲಿನ 100 ದಿನಗಳಿಗೆ ಬದಲಿಯವರ ಖರ್ಚು ಕಳೆದು ಸಂಬಳ. ಮಕ್ಕಳ ತಂದೆತಾಯಿಯರು ಆನ್‌ಲೈನಿನಲ್ಲಿ ಜೋಳಿಗೆ ಹಿಡಿದು ಹಣ ಕೂಡಿಸಿಕೊಟ್ಟರು. ಹೃದಯ ಹಿಂಡುವ ಪ್ರಸಂಗ, ನಿಜ. ಆದರೆ ಇದು ರಜೆಯ ಕಾನೂನಿನ ದೋಷ. ನಾಳೆ ಏಕಪಾವತಿ ಬಂದರೂ ಆಕೆಯ ಆಸ್ಪತ್ರೆಯ ಬಿಲ್ಲು ಮಾಯವಾಗುತ್ತಿತ್ತೇ ಹೊರತು ಆ ಕಡಿತ ಉಳಿಯುತ್ತಿತ್ತು.

ಹಾಗಾದರೆ ಮಸೂದೆಗಳ ಗತಿ ಏನಾಗಿದೆ? ಕ್ಯಾಲಿಫೋರ್ನಿಯಾ ಶಾಸನಸಭೆ 2006ರಲ್ಲಿ ಮತ್ತು 2008ರಲ್ಲಿ ಎರಡು ಸಲ ಏಕಪಾವತಿ ಮಸೂದೆ ಪಾಸು ಮಾಡಿತು. ಎರಡು ಸಲವೂ ಗವರ್ನರ್ ಆರ್ನಾಲ್ಡ್ ಶ್ವಾರ್ಜನೆಗರ್ ತಡೆಹಿಡಿದರು. ಆಗ ರಿಪಬ್ಲಿಕನ್ ಗವರ್ನರನ್ನು ದೂರಬಹುದಿತ್ತು. 2017ರಲ್ಲಿ ಆ ಅನುಕೂಲವೂ ಇರಲಿಲ್ಲ. ರಾಜ್ಯದಲ್ಲಿ ಎಲ್ಲ ಕಡೆಯೂ ಡೆಮಾಕ್ರಟಿಕ್ ಪಕ್ಷದ್ದೇ ಅಧಿಕಾರ. ರಾಜ್ಯದ ಮೇಲ್ಮನೆಯಾದ ಸೆನೆಟ್‌ನಲ್ಲಿ 'ಎಸ್‌ಬಿ 562' ಮಸೂದೆ ಪಾಸಾಯಿತು. ಕೆಳಮನೆಯಾದ ಅಸೆಂಬ್ಲಿಯ ಸ್ಪೀಕರ್ ಆ್ಯಂಟನಿ ರೆಂಡನ್ ಹಣದ ಮೂಲ ಹೇಳದ ಮಸೂದೆ ಎಂದು ಅದನ್ನು ಕಟ್ಟಿಟ್ಟರು. ವರ್ಷಕ್ಕೆ 40,000 ಕೋಟಿ ಡಾಲರ್ ಖರ್ಚಿನ ಅಂದಾಜಿತ್ತು. ಅದರಲ್ಲಿ ಅರ್ಧದಷ್ಟು ಸರ್ಕಾರಗಳು ಈಗಾಗಲೇ ಆರೋಗ್ಯಕ್ಕೆ ಕೊಡುತ್ತಿರುವ ಹಣ. 2022ರ ಜನವರಿ 31ರಂದು ಅಸೆಂಬ್ಲಿ ಸದಸ್ಯ ಆ್ಯಶ್ ಕಾಲ್ರಾ ತಮ್ಮದೇ 'ಎಬಿ 1400' ಮಸೂದೆಯನ್ನು ಗಡುವಿನ ದಿನ ಮತಕ್ಕೆ ಹಾಕದೆ ಹಿಂತೆಗೆದುಕೊಂಡರು, ಏಕೆಂದರೆ ಮತಗಳಿರಲಿಲ್ಲ. 2024ರ ಇನ್ನೊಂದು ಯತ್ನ ಹಣಕಾಸು ಸಮಿತಿಯ ಹೊಸ್ತಿಲು ದಾಟಲಿಲ್ಲ.

ವರ್ಮಾಂಟ್ ಎಂಬ ಪುಟ್ಟ ರಾಜ್ಯ ಎಲ್ಲರಿಗಿಂತ ಮುಂದೆ ಹೋಗಿತ್ತು. 2011ರಲ್ಲಿ ಕಾನೂನೇ ಆಯಿತು. ಮೂರೂವರೆ ವರ್ಷ ಲೆಕ್ಕ ಹಾಕಿದ ಮೇಲೆ, 2014ರ ಡಿಸೆಂಬರಿನಲ್ಲಿ, ಅದನ್ನು ತಂದ ಗವರ್ನರ್ ಪೀಟರ್ ಶಮ್ಲಿನ್ ಅವರೇ ಕೈಚೆಲ್ಲಿದರು. ವೇತನದ ಮೇಲೆ ಮಾಲೀಕರಿಗೆ ಶೇ 11.5 ತೆರಿಗೆ, ಜನರಿಗೆ ಶೇ 9.5ರವರೆಗೆ ಆದಾಯ ತೆರಿಗೆ ಬೇಕೆಂದು ಲೆಕ್ಕ ಹೇಳಿತ್ತು. ಪ್ರೀಮಿಯಂ ಇಲ್ಲವಾಗುತ್ತದಲ್ಲ ಎಂದು ಬೆಂಬಲಿಗರು ಹೇಳುವುದು ಸರಿಯೇ. ಆದರೆ ಪ್ರೀಮಿಯಂನ ದೊಡ್ಡ ಪಾಲು ನೌಕರನ ಕಣ್ಣಿಗೆ ಕಾಣದಂತೆ ಮಾಲೀಕನ ಪುಸ್ತಕದಲ್ಲಿ ಖರ್ಚಾಗುತ್ತದೆ; ತೆರಿಗೆಯಾದರೆ ಪ್ರತಿ ಪೈಸೆಯೂ ಸಂಬಳದ ಚೀಟಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ರಾಜಕಾರಣಿ ಹೆದರುವುದು ಈ ಕಣ್ಣಿಗೆ. ಇದಲ್ಲದೆ ರಾಜ್ಯಗಳಿಗೆ ಇನ್ನೊಂದು ಕೈಕೋಳವಿದೆ. ಮೆಡಿಕೇರ್, ಬಡವರ ಮೆಡಿಕೇಡ್ ಹಣವನ್ನು ಒಂದೇ ನಿಧಿಗೆ ತರಲು ಒಕ್ಕೂಟ ಸರ್ಕಾರ ಒಪ್ಪಬೇಕು. ಮಾಲೀಕರ ವಿಮೆಗೆ ಕೈ ಹಾಕಲು 1974ರ ಒಕ್ಕೂಟ ಕಾನೂನೊಂದು ಬಿಡುವುದಿಲ್ಲ. 2025ರ ಜುಲೈನಲ್ಲಿ ಮೆಡಿಕೇಡ್ ಅನುದಾನವನ್ನೇ ಕತ್ತರಿಸಿದ ವಾಷಿಂಗ್ಟನ್ ಸದ್ಯಕ್ಕಂತೂ ಅಂಥ ಅನುಮತಿಗೆ ಸಹಿ ಹಾಕುವ ಲಕ್ಷಣವಿಲ್ಲ.

ಇಡೀ ದೇಶಕ್ಕೆ ಒಂದೇ ಕಾನೂನು ತಂದರೆ ಖರ್ಚು ಏರುತ್ತದೆಯೋ ಇಳಿಯುತ್ತದೆಯೋ ಎಂಬುದಕ್ಕೆ ಸಂಸತ್ತಿನ ಬಜೆಟ್ ಕಚೇರಿ 2020ರ ಡಿಸೆಂಬರಿನಲ್ಲಿ ಕೊಟ್ಟ ಉತ್ತರ ಎರಡೂ ಕಡೆಯವರ ಬಾಯಿ ಮುಚ್ಚಿಸಬೇಕಿತ್ತು. 2030ರ ಹೊತ್ತಿಗೆ ಸರ್ಕಾರದ ಖರ್ಚು ವರ್ಷಕ್ಕೆ 1.5ರಿಂದ 3 ಲಕ್ಷ ಕೋಟಿ ಡಾಲರ್ ಹೆಚ್ಚುತ್ತದೆ. ಆದರೆ ಸರ್ಕಾರ, ಮಾಲೀಕ, ರೋಗಿ ಎಲ್ಲರ ಖರ್ಚನ್ನೂ ಕೂಡಿಸಿದರೆ, ಯೋಜನೆಯನ್ನು ಹೇಗೆ ರೂಪಿಸಿದ್ದೀರಿ ಎಂಬುದರ ಮೇಲೆ, 0.7 ಲಕ್ಷ ಕೋಟಿ ಇಳಿಯಲೂಬಹುದು, 0.3 ಲಕ್ಷ ಕೋಟಿ ಏರಲೂಬಹುದು. ಆಸ್ಪತ್ರೆಗೆ ಎಷ್ಟು ದರ ಕೊಡುತ್ತೀರಿ ಎಂಬುದೇ ಗುಟ್ಟು. ಡೈರಿಯ ದರ ಇಳಿಸಿದರೆ ಗ್ರಾಹಕನಿಗೆ ಹಾಲು ಅಗ್ಗ, ಆದರೆ ರೈತ ಹಸು ಮಾರಿಯಾನು. ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳ ವಿಷಯದಲ್ಲಿ ಈ ಭಯ ಸುಳ್ಳಲ್ಲ.

ಸಂಸತ್ತಿನ ಕೆಳಮನೆಯಲ್ಲಿ 2019ರಿಂದ ಈ ಮಸೂದೆಯನ್ನು ಮತ್ತೆ ಮತ್ತೆ ಮಂಡಿಸುತ್ತ ಬಂದಿರುವವರು ಪ್ರಮೀಳಾ ಜಯಪಾಲ್. ಚೆನ್ನೈನಲ್ಲಿ ಹುಟ್ಟಿದವರು, ಅವರ ತಾಯಿ ಮಾಯಾ ಜಯಪಾಲ್ ಬೆಂಗಳೂರಿನ ಇತಿಹಾಸ ಬರೆದ ಲೇಖಕಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಚರ್ಚೆ ದೂರದ್ದೇನಲ್ಲ. ಎಚ್‌-1ಬಿ ವೀಸಾದ ಮೇಲಿರುವವರಿಗೆ ಕೆಲಸ ಹೋದರೆ 60 ದಿನದ ಗಡುವು ಶುರುವಾಗುತ್ತದೆ, ಜೊತೆಗೆ ಮನೆಮಂದಿಯ ವಿಮೆಯೂ ಜಾರುತ್ತದೆ. ಮಗಳ ಬಾಣಂತನಕ್ಕೆಂದು ಹೊರಟ ಅಮ್ಮನ ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟು, ಲೇಹ್ಯಗಳ ಪಕ್ಕದಲ್ಲಿ ಡೋಲೊ ಮಾತ್ರೆಯ ಪಟ್ಟಿಗಳು ಇರುತ್ತವೆ. ಹಲ್ಲಿನ ರೂಟ್ ಕೆನಾಲನ್ನು ಊರಿಗೆ ಬಂದಾಗ ಮಾಡಿಸಿಕೊಂಡರಾಯಿತು ಎಂದು ಮುಂದೂಡದ ಕನ್ನಡದ ಮನೆ ನ್ಯೂಜೆರ್ಸಿಯಲ್ಲಿ ಸಿಕ್ಕೀತೇ ಎಂಬುದು ನನಗಂತೂ ಅನುಮಾನ.

ಇನ್ನು ನಾಯಕರ ಅಡ್ಡಗಾಲಿನ ವಿಷಯ. ಶಿಕ್ಷಕರ ಸಂಘಗಳು ವಿಮೆಯ ಬಲಿಪಶುಗಳಷ್ಟೇ ಆಗಿಲ್ಲ, ಎಷ್ಟೋ ಕಡೆ ವಿಮೆಯ ಒಡೆಯರೂ ಹೌದು. ಮಿಷಿಗನ್ನಿನ ಸಂಘ 1960ರಲ್ಲಿ ಮೆಸ್ಸಾ ಎಂಬ ವಿಮಾ ಸಂಸ್ಥೆ ಕಟ್ಟಿತು. ವಿಸ್ಕಾನ್ಸಿನ್ ಸಂಘ 1970ರಲ್ಲಿ ತನ್ನದೊಂದು ಟ್ರಸ್ಟ್ ಮಾಡಿಕೊಂಡಿತು. ಒಳ್ಳೆಯ ವಿಮೆ ಸಂಘದ ಕೈಯಿಂದ ಬರುತ್ತದೆ ಎಂಬುದೇ ಸದಸ್ಯರು ಸಂಘ ಬಿಡದಿರಲು ಒಂದು ಕಾರಣ. ಅದು ಸರ್ಕಾರದಿಂದ ಎಲ್ಲರಿಗೂ ಬರುವಂತಾದರೆ ಸಂಘದ ಕೈಯಲ್ಲಿ ಏನುಳಿಯಿತು? ಬಾಯಿಬಿಟ್ಟು ಯಾರೂ ಕೇಳದ ಪ್ರಶ್ನೆ ಇದು.

ಇದು ಅತಿ ಸ್ಪಷ್ಟವಾಗಿ ಕಾಣುವುದು ನ್ಯೂಯಾರ್ಕಿನಲ್ಲಿ. ರಿಚರ್ಡ್ ಗಾಟ್‌ಫ್ರೀಡ್ ಎಂಬ ಶಾಸಕರು 1992ರಲ್ಲಿ ಮೊದಲು ತಂದ 'ನ್ಯೂಯಾರ್ಕ್ ಹೆಲ್ತ್ ಆ್ಯಕ್ಟ್' 2015ರಿಂದ 2018ರವರೆಗೆ ಸತತ ನಾಲ್ಕು ವರ್ಷ ಅಸೆಂಬ್ಲಿಯಲ್ಲಿ ಪಾಸಾಯಿತು. ಸೆನೆಟ್‌ನಲ್ಲಿ ಒಮ್ಮೆಯೂ ಮತಕ್ಕೆ ಬರಲಿಲ್ಲ. ರ‍್ಯಾಂಡ್ ಸಂಸ್ಥೆಯ 2018ರ ಅಧ್ಯಯನದ ಪ್ರಕಾರ ಒಟ್ಟು ಖರ್ಚು ಕಾಲಕ್ರಮೇಣ ತುಸು ಇಳಿಯುತ್ತಿತ್ತು, ಆದರೆ 2022ಕ್ಕೆ 13,900 ಕೋಟಿ ಡಾಲರ್ ಹೊಸ ತೆರಿಗೆ ಬೇಕಾಗುತ್ತಿತ್ತು. ರಾಜ್ಯದ ಶಿಕ್ಷಕರ ಒಕ್ಕೂಟ ಮಸೂದೆಯ ಪರ. ನ್ಯೂಯಾರ್ಕ್ ನಗರದ ನೌಕರ ಸಂಘಗಳ ಸಮಿತಿ, ಅದರಲ್ಲಿ ಪ್ರಬಲವಾದ ಯುನೈಟೆಡ್ ಫೆಡರೇಷನ್ ಆಫ್ ಟೀಚರ್ಸ್ ನಾಯಕತ್ವ, ಆಕ್ಷೇಪದ ಕಡೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ನಗರದ ಶಿಕ್ಷಕರು ಮೂಲ ವಿಮೆಗೆ ಪ್ರೀಮಿಯಂ ಎಂದು ಒಂದು ಸೆಂಟನ್ನೂ ಕೊಡುವುದಿಲ್ಲ. ಪುಕ್ಕಟೆಯಾಗಿ ಕೈಯಲ್ಲಿರುವುದನ್ನು ಬಿಟ್ಟು, ಸಂಬಳದ ಮೇಲೆ ತೆರಿಗೆ ಕಟ್ಟಿ ಅದನ್ನೇ ಪಡೆಯಿರಿ ಎಂದರೆ ಯಾರು ಒಪ್ಪುತ್ತಾರೆ?

ಆ 'ಪುಕ್ಕಟೆ'ಗೆ ಬೆಲೆ ತೆರಬೇಕಾಗಿ ಬಂದದ್ದು ಮಾತ್ರ ನಿವೃತ್ತರಿಗೆ. ವಿಮೆಯ ಖರ್ಚು ಉಳಿಸಿಕೊಡುತ್ತೇವೆಂದು ಸಂಘಗಳು ನಗರಕ್ಕೆ ಮಾತು ಕೊಟ್ಟಿದ್ದವು. ಅದನ್ನು ಈಡೇರಿಸಲು 2021ರಲ್ಲಿ ಒಂದು ಯೋಜನೆ ಹೊರಬಿತ್ತು: ನಗರದ ಸುಮಾರು 2.5 ಲಕ್ಷ ನಿವೃತ್ತರನ್ನು ಸರ್ಕಾರಿ ಮೆಡಿಕೇರ್‌ನಿಂದ ಎತ್ತಿ, ಖಾಸಗಿ ಕಂಪನಿ ನಡೆಸುವ 'ಮೆಡಿಕೇರ್ ಅಡ್ವಾಂಟೇಜ್'ಗೆ ಹಾಕುವುದು. ವರ್ಷಕ್ಕೆ 60 ಕೋಟಿ ಡಾಲರ್ ಉಳಿತಾಯ. ಆ ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದನ್ನು ನಿವೃತ್ತ ಶಿಕ್ಷಕರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೆಡಿಕೇರ್‌ನಲ್ಲಿ ಅದನ್ನು ಒಪ್ಪುವ ಯಾವ ಡಾಕ್ಟರ ಬಳಿಗಾದರೂ ಹೋಗಬಹುದು. ಖಾಸಗಿ ಯೋಜನೆಯಲ್ಲಿ ಡಾಕ್ಟರ ಪಟ್ಟಿ ಇರುತ್ತದೆ, ಡಾಕ್ಟರು ಬರೆದ ಸ್ಕ್ಯಾನಿಗೂ ಕಂಪನಿಯ ಮುಂಗಡ ಅನುಮತಿಗೆ ಕಾಯಬೇಕಾಗುತ್ತದೆ.

ನಿವೃತ್ತರು ಕೋಲೂರಿಕೊಂಡು ಕೋರ್ಟಿಗೆ ಹೋದರು. ಒಂದಾದ ಮೇಲೊಂದು ತೀರ್ಪು ನಗರದ ವಿರುದ್ಧ ಬಂದವು. 2024ರ ಜೂನಿನಲ್ಲಿ ಸಂಘದ ನಿವೃತ್ತ ಶಿಕ್ಷಕರ ವಿಭಾಗಕ್ಕೆ ಚುನಾವಣೆ ನಡೆದಾಗ, ದಶಕಗಳಿಂದ ಗೆಲ್ಲುತ್ತ ಬಂದಿದ್ದ ಅಧಿಕೃತ ಬಣ ಸೋತಿತು. ಎದುರು ಬಣಕ್ಕೆ ಶೇ 63ರಷ್ಟು ಮತ. ಅದೇ ತಿಂಗಳು ಸಂಘದ ಅಧ್ಯಕ್ಷ ಮೈಕೆಲ್ ಮಲ್ಗ್ರೂ ಯೋಜನೆಗೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಂಡರು. 2025ರ ಜೂನಿನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಗರದ ಪರವಾಗಿ ತೀರ್ಪು ಕೊಟ್ಟಿತು, ಆದರೆ ಗೆದ್ದ ಮೇಯರೇ ಕೆಲವೇ ದಿನಗಳಲ್ಲಿ ಯೋಜನೆಯನ್ನು ಕೈಬಿಟ್ಟೆವೆಂದು ಪ್ರಕಟಿಸಬೇಕಾಯಿತು.

ಆ ನಿವೃತ್ತರು ಅಷ್ಟು ಜತನದಿಂದ ಕಾಪಾಡಿಕೊಂಡದ್ದು ಕೆಂಪು, ಬಿಳಿ, ನೀಲಿ ಬಣ್ಣದ ಒಂದು ಕಾಗದದ ಕಾರ್ಡು. ಇನ್ನೂ ಪಾಠ ಮಾಡುತ್ತಿರುವ ಅವರ ಸಹೋದ್ಯೋಗಿಗಳು ಅದನ್ನು ಪಡೆಯಲು ಸದ್ಯದ ಕಾನೂನಿನ ಪ್ರಕಾರ 65 ತುಂಬುವವರೆಗೆ ಕಾಯಬೇಕು.